ತೆರಿಗೆ ದರ ಹೆಚ್ಚು, ಶಾಲೆಗೆ ಬಂದ ಹಣ ಕಡಿಮೆ

ಮಾನ್ಯರೇ,

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ವರ್ಣೀಯ ಮತ್ತಿತರ ಅಲ್ಪಸಂಖ್ಯಾತ ಮಕ್ಕಳಿಗೆ ಆಗುವ ಅನ್ಯಾಯದ ಸುದ್ದಿ ಬಂದಾಗಲೆಲ್ಲ, ಅದು ಯಾರೋ ಒಬ್ಬ ಟೀಚರ ದ್ವೇಷ ಎಂಬಂತೆ ಬರೆದು ಮುಗಿಸುವುದು ನಮ್ಮ ಪತ್ರಿಕೆಗಳಿಗೆ ರೂಢಿಯಾಗಿದೆ. ದ್ವೇಷ ಇಲ್ಲವೆಂದಲ್ಲ. ಆದರೆ ಯಾರೂ ದ್ವೇಷಿಸದಿದ್ದರೂ ಅದೇ ಫಲ ಕೊಡುವ ಏರ್ಪಾಡು ಅಲ್ಲಿದೆ. (ಅಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಸರ್ಕಾರಿ ಶಾಲೆ. ನಮ್ಮಲ್ಲಿ ಆ ಬೋರ್ಡು ಹಾಕಿಕೊಂಡವು ಹೆಚ್ಚಾಗಿ ಖಾಸಗಿ!)

ಮೊದಲು ದುಡ್ಡಿನ ಮಾತು. ಸಾಮಾನ್ಯ ವರ್ಷಗಳಲ್ಲಿ ಶಾಲೆಗಳ ಆದಾಯಕ್ಕೆ ಕೇಂದ್ರ ಸರ್ಕಾರದ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ಶಾಲಾ ಡಿಸ್ಟ್ರಿಕ್ಟುಗಳು ಹೆಚ್ಚುಕಡಿಮೆ ಅರ್ಧರ್ಧ ಹೊರುತ್ತವೆ. ಸ್ಥಳೀಯ ಪಾಲಿನ ಬಹುಭಾಗ ಆಸ್ತಿ ತೆರಿಗೆ. ಡಿಸ್ಟ್ರಿಕ್ಟ್ ಎಂದರೆ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕ, ನಮ್ಮ ಜಿಲ್ಲೆಯಷ್ಟು ದೊಡ್ಡದಲ್ಲ. ಒಂದೇ ನಗರದ ಸುತ್ತ ಹಲವು ಇರುತ್ತವೆ.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ 1967-68ರ ಲೆಕ್ಕ ನೋಡಿ. ಎಡ್ಜ್‌ವುಡ್ ಡಿಸ್ಟ್ರಿಕ್ಟಿನ ಮಕ್ಕಳಲ್ಲಿ ಶೇ 90ರಷ್ಟು ಮೆಕ್ಸಿಕನ್ ಮೂಲದವರು. ಅಲ್ಲಿನವರು 100 ಡಾಲರ್ ಆಸ್ತಿ ಮೌಲ್ಯಕ್ಕೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು. ಸುತ್ತಮುತ್ತ ಅದೇ ಅತಿ ಹೆಚ್ಚಿನ ದರ. ರಾಜ್ಯದ ಕನಿಷ್ಠ ಶಿಕ್ಷಣ ವೆಚ್ಚದ ಯೋಜನೆಗೆ ಡಿಸ್ಟ್ರಿಕ್ಟ್ ಸಲ್ಲಿಸಬೇಕಾದ ಪಾಲು ಕಳೆದು ಮಗುವೊಂದಕ್ಕೆ ಉಳಿದದ್ದು 26 ಡಾಲರ್. ಬಿಳಿಯರೇ ಹೆಚ್ಚಿದ್ದ ಅಲಾಮೊ ಹೈಟ್ಸ್‌ನಲ್ಲಿ ದರ ಬರೀ 85 ಸೆಂಟ್, ಉಳಿದದ್ದು 333 ಡಾಲರ್! ಕಾರಣ ಸರಳ: ಎಡ್ಜ್‌ವುಡ್‌ನಲ್ಲಿ ತೆರಿಗೆ ಹಾಕಲು ಮಗುವಿಗೆ 5,960 ಡಾಲರಿನ ಆಸ್ತಿ ಇತ್ತು, ಅಲಾಮೊ ಹೈಟ್ಸ್‌ನಲ್ಲಿ 49,000ಕ್ಕೂ ಹೆಚ್ಚು. ರಾಜ್ಯ, ಕೇಂದ್ರದ ನೆರವು ಕೂಡಿಸಿದ ಮೇಲೂ ಮಗುವೊಂದಕ್ಕೆ ಎಡ್ಜ್‌ವುಡ್‌ನಲ್ಲಿ 356 ಡಾಲರ್, ಅಲಾಮೊ ಹೈಟ್ಸ್‌ನಲ್ಲಿ 594. ಎಡ್ಜ್‌ವುಡ್‌ನ ಪೋಷಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1973ರಲ್ಲಿ 5-4ರ ತೀರ್ಪು ಅವರ ವಿರುದ್ಧ ಬಂತು; ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು ಬಹುಮತ. ಮರುವರ್ಷ ಡೆಟ್ರಾಯಿಟ್ ಪ್ರಕರಣದಲ್ಲಿ, ಉಪನಗರದ ಡಿಸ್ಟ್ರಿಕ್ಟುಗಳು ತಪ್ಪು ಮಾಡಿದ್ದು ಸಾಬೀತಾಗದ ಹೊರತು ಅವನ್ನು ವರ್ಣಭೇದ ನಿವಾರಣೆಯ ಯೋಜನೆಗೆ ಎಳೆಯುವಂತಿಲ್ಲ ಎಂದಾಯಿತು. ಗಡಿಯಾಚೆ ಮನೆ ಕೊಳ್ಳಬಲ್ಲವರಿಗೆ ವರ್ಣದ ಆಧಾರದಲ್ಲಿ ಶಾಲೆಗಳನ್ನು ಬೇರೆಯಿಡುವುದು ಸಂವಿಧಾನಬಾಹಿರ ಎಂದ 1954ರ ಬ್ರೌನ್ ತೀರ್ಪು ತಟ್ಟಲೇ ಇಲ್ಲ.

ಒಂದೇ ಶಾಲೆಯ ಒಳಗೂ ಜರಡಿಗಳಿವೆ. ಪ್ರತಿಭಾವಂತರ ವಿಶೇಷ ತರಗತಿಗೆ ಟೀಚರ ಇಲ್ಲವೇ ಪೋಷಕರ ಶಿಫಾರಸು ಬಂದರಷ್ಟೇ ಪರೀಕ್ಷೆ ಎನ್ನುವುದು ಹಳೆಯ ಪದ್ಧತಿ. ಫ್ಲಾರಿಡಾದ ಬ್ರೊವಾರ್ಡ್ ಕೌಂಟಿ 2005ರಲ್ಲಿ ಇದನ್ನು ಕೈಬಿಟ್ಟು ಎರಡನೇ ತರಗತಿಯ ಎಲ್ಲರಿಗೂ ಭಾಷೆಯ ಹಂಗಿಲ್ಲದ ಪ್ರಾಥಮಿಕ ಪರೀಕ್ಷೆ ಇಟ್ಟಿತು. ಆಯ್ಕೆಯ ಪ್ರಮಾಣ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಮಕ್ಕಳಲ್ಲಿ ಶೇ 130, ಕಪ್ಪು ಮಕ್ಕಳಲ್ಲಿ ಶೇ 80 ಏರಿತು. ಮಕ್ಕಳು ಅವರೇ, ಬದಲಾದದ್ದು ಅವರನ್ನು ಕರೆಯುವ ವಿಧಾನ. ಮುಂದೆ ಬಜೆಟ್ ಕಡಿತವಾದಾಗ ಈ ವ್ಯವಸ್ಥೆ ನಿಂತಿತು, ಹಳೆಯ ಅಂತರ ಮರಳಿತು.

ಶಿಸ್ತಿನ ವಿಷಯದಲ್ಲಿ ಹುಡುಗಿಯರ ಅಂಕಿಯನ್ನು ಬೇರೆಯಾಗಿ ನೋಡದಿದ್ದರೆ ಅರ್ಧ ಚಿತ್ರ ಕಾಣುವುದೇ ಇಲ್ಲ. ಅಲ್ಲಿನ ಶಿಕ್ಷಣ ಇಲಾಖೆಯ 2013-14ರ ಮಾಹಿತಿಯಂತೆ ಪ್ರೀಸ್ಕೂಲ್ ಹುಡುಗಿಯರಲ್ಲಿ ಕಪ್ಪು ಮಕ್ಕಳು ಶೇ 20. ಒಮ್ಮೆಯಾದರೂ ಸಸ್ಪೆಂಡ್ ಆದ ಹುಡುಗಿಯರಲ್ಲಿ ಶೇ 54. ಮೂರು-ನಾಲ್ಕು ವರ್ಷದ ಕೂಸುಗಳ ಮಾತಿದು. ಭೇದ ನುಸುಳುವುದು ‘ಉದ್ಧಟತನ’ದಂಥ ಕಾರಣಗಳ ಕಾಲಂನಲ್ಲಿ. ಕದ್ದದ್ದು, ಹೊಡೆದದ್ದು ಕಣ್ಣಿಗೆ ಕಾಣುತ್ತದೆ; ಎದುರು ಮಾತಾಡಿದಳು ಎನ್ನುವುದನ್ನು ತೂಗುವವರು ಒಬ್ಬರೇ. ಕ್ಯಾಲಿಫೋರ್ನಿಯಾ 2014ರ ಕಾನೂನಿನಲ್ಲಿ ಮೂರನೇ ತರಗತಿಯವರೆಗೆ ಈ ಕಾರಣಕ್ಕೆ ಸಸ್ಪೆಂಡ್ ಮಾಡುವುದನ್ನೇ ನಿಲ್ಲಿಸಿತು.

ಇನ್ನು ಕ್ರೀಡೆ. 1972ರ ‘ಟೈಟಲ್ ನೈನ್’ ಕಾನೂನು ಲಿಂಗಭೇದವನ್ನು ನಿಷೇಧಿಸಿದ್ದರೂ, ಹುಡುಗರ ಬೇಸ್‌ಬಾಲ್ ಮೈದಾನಕ್ಕೆ ದೀಪ, ಹುಡುಗಿಯರ ಸಾಫ್ಟ್‌ಬಾಲ್‌ಗೆ ಊರಾಚೆಯ ಪಾರ್ಕು ಎಂಬ ಜಗಳ ಮುಗಿದಿಲ್ಲ. ‘ದೀಪ ಹಾಕಿಸಿದ್ದು ಪೋಷಕರ ಕ್ಲಬ್ಬು, ನಾವಲ್ಲ’ ಎನ್ನುವುದು ಶಾಲೆಗಳ ಸಿದ್ಧ ಉತ್ತರ. ಅದು ನಿಲ್ಲುವುದಿಲ್ಲ. ಹಣ ಯಾರದ್ದಾದರೂ ಸೌಲಭ್ಯ ಸಮನಾಗಿಸುವ ಹೊಣೆ ಶಾಲೆಯದೇ. ಆದರೆ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಲು ಸಾಮಾನ್ಯವಾಗಿ 180 ದಿನಗಳ ಗಡುವು. ಎರಡೆರಡು ಕಡೆ ದುಡಿಯುವ ತಾಯಿಗೆ ಆ ಕಚೇರಿಯೊಂದಿದೆ ಎಂದು ತಿಳಿಯುವಷ್ಟರಲ್ಲಿ ಆ ವರ್ಷದ ಆಟ ಮುಗಿದಿರುತ್ತದೆ.

– ಓದುಗರೊಬ್ಬರು