ಅಂಗುಳದ ತುಂಡೋ, ಹಾಳೆಯೋ? ಅಕ್ಕನಿಗೊಂದು ಪತ್ರ

ಬರ್ನ್, ಸ್ವಿಟ್ಜರ್ಲೆಂಡ್

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀನು ಕಳಿಸಿದ ಫೋಟೋ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಮಾಮಾ ಅವರೂ ಕೂತು ಓದಲಿ ಅಂತ ಉದ್ದ ಪತ್ರ ಬರೆಯುತ್ತಿದ್ದೇನೆ.

ನಿನ್ನ ಮೇಲಿನ ಕೋರೆಹಲ್ಲಿನ ಒಸಡು ಸರಿದು ಬೇರು ಕಾಣುತ್ತಿದೆ. ಬೇರಿನ ಮೇಲೆ ಎನಾಮಲ್ ಅನ್ನುವ ಗಟ್ಟಿ ಹೊರಕವಚ ಇರುವುದಿಲ್ಲ, ತಣ್ಣೀರು ತಾಗಿದರೆ ಝುಂ ಅನ್ನುವುದು ಅದಕ್ಕೇ. ಹೀಗೆ ಸರಿದ ಒಸಡು ತಾನಾಗಿ ವಾಪಸ್ ಬರುವುದಿಲ್ಲ. ಯಾವ ಪೇಸ್ಟೂ, ಲವಂಗದ ಎಣ್ಣೆಯೂ ಅದನ್ನು ತರುವುದಿಲ್ಲ. ಬೆಳಗಾವಿಯ ಡಾಕ್ಟರು ಗ್ರಾಫ್ಟ್, ಅಂದರೆ ಬೇರೆ ಕಡೆಯ ತುಂಡು ತಂದು ಒಸಡಿಗೆ ಕಸಿ ಮಾಡೋಣ ಅಂದದ್ದು ಸರಿಯಾದ ಮಾತು. "ಹಾಳೆಯಂಥದ್ದು ಏನೋ ಇಡುತ್ತಾರಂತೆ, ಅದು ಯಾತರದ್ದು?" ಅಂತ ನೀನು ಕೇಳಿದ್ದೀಯಲ್ಲ, ಅದು ಕೇಳಲೇಬೇಕಾದ ಪ್ರಶ್ನೆ. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ, ಅಲ್ವಾ?

ಮೊದಲು ನಿನ್ನದೇ ಬಾಯಿಯ ಚರ್ಮದ ವಿಷಯ. ಅಂಗುಳದಲ್ಲಿ, ದವಡೆ ಹಲ್ಲುಗಳ ಪಕ್ಕದಲ್ಲಿ, ಮೇಲ್ಪದರದ ಕೆಳಗೆ ಗಟ್ಟಿಯಾದ ಒಂದು ಪದರ ಇರುತ್ತದೆ. ಅದರಿಂದ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಸಣ್ಣ ಪಟ್ಟಿ ತೆಗೆದು ಬೇರಿನ ಮೇಲೆ ಇಡುತ್ತಾರೆ. ಅಲ್ಲಿನ ಒಸಡನ್ನು ಬಿಡಿಸಿ, ಎಳೆದು, ಪಟ್ಟಿಯ ಮೇಲೆ ಹೊದಿಸಿ ಹೊಲಿಗೆ ಹಾಕುತ್ತಾರೆ. 1960ರ ದಶಕದಲ್ಲಿ ಮೇಲ್ಪದರವನ್ನೂ ಸೇರಿಸಿ ಕತ್ತರಿಸುತ್ತಿದ್ದರು. ಅಂಗುಳದ ಗಾಯ ತೆರೆದೇ ಇರುತ್ತಿತ್ತು, ಒಸಡಿನ ಮೇಲೆ ಬಿಳಿಚಿದ ತೇಪೆಯೂ ಕಾಣುತ್ತಿತ್ತು. ಒಳಪದರ ಮಾತ್ರ ತೆಗೆಯುವ ರೀತಿಯನ್ನು 1985ರಲ್ಲಿ ಲ್ಯಾಂಗರ್ ಅನ್ನುವವರು ಬರೆದ ಮೇಲೆ ಅದೇ ಹೆಚ್ಚು ಬಳಕೆಗೆ ಬಂತು. ಬಣ್ಣ ಹೊಂದುತ್ತದೆ, ಅಂಗುಳವೂ ಬೇಗ ಮಾಯುತ್ತದೆ.

ಆ ಪಟ್ಟಿಗೆ ಮೊದಲೆರಡು ದಿನ ತನ್ನದೇ ರಕ್ತನಾಳ ಇರುವುದಿಲ್ಲ. ಸುತ್ತಲಿನಿಂದ ಒಸರುವ ದ್ರವವನ್ನೇ ಹೀರಿಕೊಂಡು ಬದುಕುತ್ತದೆ. ಆಮೇಲೆ ಪಕ್ಕದಿಂದ ಸಣ್ಣ ನಾಳಗಳು ಒಳಗೆ ನುಗ್ಗುತ್ತವೆ. ಬೇರಿನ ಕಡೆಯಿಂದ ರಕ್ತವೇ ಸಿಗದು, ಹಾಗಾಗಿ ಅಕ್ಕಪಕ್ಕದ್ದೂ ಮೇಲೆ ಹೊದಿಸಿದ್ದೂ ಸೇರಿ ಅದನ್ನು ಸಾಕಬೇಕು. ಅಪ್ಪ ಮಾವಿಗೆ ಕಸಿ ಕಟ್ಟಿ, ಅಲುಗಾಡಿಸಬೇಡಿ ಅಂತ ನಮ್ಮನ್ನು ದೂರ ಇಡುತ್ತಿದ್ದರಲ್ಲ, ಇಲ್ಲಿಯೂ ಹಾಗೇ. ತುಟಿ ಎತ್ತಿ ಕನ್ನಡಿಯಲ್ಲಿ ನೋಡಿದರೆ, ಆ ಜಾಗಕ್ಕೆ ಬ್ರಷ್ ತಾಗಿಸಿದರೆ ಪಟ್ಟಿ ಜರುಗಿಬಿಡುತ್ತದೆ. ಸುಮಾರು ಎರಡು ವಾರ, ಹೊಲಿಗೆ ಬಿಚ್ಚುವವರೆಗೆ ಆ ಕಡೆ ಬ್ರಷ್ ಬೇಡ. ಅವರು ಬರೆದುಕೊಟ್ಟ ಔಷಧದ ನೀರಿನಿಂದ ಬಾಯಿ ಮುಕ್ಕಳಿಸು. ಖಡಕ್ ರೊಟ್ಟಿ, ಶೇಂಗಾ, ಖಾರ ಬಿಡು. ಅನ್ನ ಮಜ್ಜಿಗೆ, ತಣಿದ ಜೋಳದ ಅಂಬಲಿ, ಬಾಳೆಹಣ್ಣು ಸಾಕು.

ಇನ್ನು ಹಾಳೆ. ಇದರಲ್ಲಿ ಹಲವು ಬಗೆ ಇವೆ. ಒಂದು, ದಾನಿಗಳು ಕೊಟ್ಟ ಮನುಷ್ಯ ಚರ್ಮದಿಂದ ಜೀವಕೋಶಗಳನ್ನೆಲ್ಲ ತೆಗೆದು ಬರಿಯ ಹಂದರ ಉಳಿಸಿದ್ದು. ಇನ್ನೊಂದು, ಪ್ರಾಣಿಗಳ ಚರ್ಮ, ಎಲುಬಿನಂಥ ಭಾಗಗಳಲ್ಲಿರುವ ಕೊಲಾಜೆನ್ ಅನ್ನುವ ಪ್ರೋಟೀನ್‌ನಿಂದ ಮಾಡಿದ್ದು. ಇದೇ ದೇಶದಲ್ಲಿ ತಯಾರಾಗುವ ಹೆಸರುವಾಸಿ ಹಾಳೆ ಹಂದಿಯದು. ಬೇರಿಗೆ ಹಚ್ಚುವ ಒಂದು ಜೆಲ್ ಕೂಡ ಬರುತ್ತದೆ, ಅದನ್ನು ಹಂದಿಮರಿಯ ಬೆಳೆಯುತ್ತಿರುವ ಹಲ್ಲಿನಿಂದ ತೆಗೆಯುತ್ತಾರೆ. ಹಾಳೆ ತಾನೇ ಒಸಡಾಗುವುದಿಲ್ಲ, ನಿನ್ನ ಜೀವಕೋಶಗಳು ಅದರೊಳಗೆ ಹೊಕ್ಕು ಬೆಳೆಯಲು ಜಾಗ ಕೊಡುತ್ತದೆ. ಅಂಗುಳದಲ್ಲಿ ಇನ್ನೊಂದು ಗಾಯ ಆಗುವುದಿಲ್ಲ ಅನ್ನುವುದು ದೊಡ್ಡ ಲಾಭ. ಬಹಳ ಹಲ್ಲುಗಳಿಗೆ ಒಮ್ಮೆಲೇ ಬೇಕಾದಾಗ, ಅಂಗುಳ ತೆಳುವಾಗಿದ್ದಾಗ ಅದು ನಿಜಕ್ಕೂ ಉಪಕಾರಿ. ಬೇರು ಮುಚ್ಚುವುದರಲ್ಲೂ ಒಸಡು ದಪ್ಪ ಆಗುವುದರಲ್ಲೂ ಒಟ್ಟಾರೆ ಸ್ವಂತ ಪಟ್ಟಿಯದೇ ಮೇಲುಗೈ.

ನಿನ್ನದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ ಮಾಡುವ ಪಿಆರ್‌ಎಫ್ ಅನ್ನುವ ಪೊರೆಯೂ ಇದೆ. 2001ರಲ್ಲಿ ಫ್ರಾನ್ಸ್‌ನವರು ಮೊದಲು ಬರೆದದ್ದು. ಅದರಲ್ಲಿ ಪ್ರಾಣಿಯದ್ದೇನೂ ಇಲ್ಲ. ಗಾಯ ಮಾಯಲು ಒಳ್ಳೆಯದು, ಆದರೆ ಒಸಡನ್ನು ದಪ್ಪ ಮಾಡುವುದರಲ್ಲಿ ಅಂಗುಳದ ಪಟ್ಟಿಗೆ ಸಮ ಅಲ್ಲ.

ನಿನಗೆ ಒಂದೇ ಹಲ್ಲು. ನನ್ನನ್ನು ಕೇಳಿದರೆ ಅಂಗುಳದ ಪಟ್ಟಿಯೇ ಇರಲಿ. ನಾಲ್ಕು ದಿನ ಉರಿ ಜಾಸ್ತಿ ಇದ್ದೀತು, ತಡೆದುಕೋ. ಹಾಳೆಯೇ ಬೇಕು ಅಂದರೆ, ಯಾವ ಪ್ರಾಣಿಯದು, ಡಬ್ಬಿಯ ಮೇಲೆ ಏನಿದೆ ಅಂತ ಸಹಿ ಹಾಕುವ ಮೊದಲು ಬಾಯಿಬಿಟ್ಟು ಕೇಳು. ಹಂದಿ ಅಂದರೆ ಬೇಡ ಅನ್ನುವ ಹಕ್ಕು ನಿನ್ನದು. ಇಲ್ಲಿ ಎಷ್ಟೋ ಜನ ಹಾಗೆ ಹೇಳುವುದನ್ನು ನೋಡಿದ್ದೇನೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅದಕ್ಕೂ ಮುಂಚೆ ಆ ಗಟ್ಟಿ ಬ್ರಷ್ ಬಿಸಾಡು. ಅಡ್ಡಡ್ಡ ತಿಕ್ಕುವುದು ಬಿಡದಿದ್ದರೆ ಕೂಡಿಸಿದ ಒಸಡೂ ಮತ್ತೆ ಸರಿಯುತ್ತದೆ.

ಅವ್ವನಿಗೂ ಜೊತೆಗೇ ಮಾಡಿಸೋಣವೇ ಅಂದಿದ್ದೀಯ. ಬೇಡ ಅಕ್ಕಾ. ಅವ್ವನದು ಬೇರೆ ಕಥೆ. ಎಷ್ಟೋ ವರ್ಷದಿಂದ ಮಿಶ್ರಿ ತಿಕ್ಕಿದ್ದಾರೆ, ಒಸಡಿನಲ್ಲಿ ಕೀವು ಬರುತ್ತದೆ, ಹಲ್ಲು ಅಲುಗಾಡುತ್ತಿವೆ. ಹಲ್ಲು ಹಲ್ಲಿನ ನಡುವಿನ ಎಲುಬೂ ಒಸಡಿನ ಹಿಡಿತವೂ ಉಳಿದಿದ್ದರೆ ಮಾತ್ರ ಬೇರು ಪೂರ್ತಿ ಮುಚ್ಚುವ ಭರವಸೆ. ಒಸಡು ಎಷ್ಟು ಸರಿದಿದೆ ಅಂತ ಡಾಕ್ಟರುಗಳು ಬಳಸುವ 1985ರ ಮಿಲ್ಲರ್ ವಿಂಗಡಣೆಯೂ, 2011ರಲ್ಲಿ ಇಟಲಿಯ ಕೈರೊ ಮತ್ತು ಸಂಗಡಿಗರು ಮಾಡಿದ ವಿಂಗಡಣೆಯೂ ಮುಖ್ಯವಾಗಿ ನೋಡುವುದು ಅದನ್ನೇ. ಎಲುಬು ಕರಗಿ ಹಲ್ಲುಗಳ ನಡುವೆ ಕಪ್ಪು ಸಂದಿ ಬಿದ್ದರೆ ಅದನ್ನು ತುಂಬುವುದು ಇಲ್ಲಿಯವರಿಗೂ ಬಹಳ ಕಷ್ಟ. ಅವ್ವನಿಗೆ ಮೊದಲು ಬೇಕಿರುವುದು ಒಸಡಿನ ಒಳಗಿನವರೆಗೆ ಸ್ವಚ್ಛ ಮಾಡುವುದು, ಆಮೇಲೆ ಕೆಲವು ತಿಂಗಳು ಕಾದು ನೋಡುವುದು. ಮಿಶ್ರಿ ಬಿಡಲೇಬೇಕು, ಅದು ಬರಿಯ ಹುರಿದ ತಂಬಾಕು. ಬೈದರೆ ಅವ್ವ ಕೇಳುವುದಿಲ್ಲ, ಗೊತ್ತಲ್ಲ. ಡಾಕ್ಟರ ಬಾಯಿಂದಲೇ ಹೇಳಿಸು.

ಚಿಕ್ಕೋಡಿಯಿಂದ ಹೋಗುವುದು ಹೇಗೂ ಬೆಳಗಾವಿಗೇ. ಕೆಎಲ್ಇ ಡೆಂಟಲ್ ಕಾಲೇಜಿನಲ್ಲಿ ಒಸಡಿನದೇ ಬೇರೆ ವಿಭಾಗ ಇದೆ. ಎರಡನೇ ಅಭಿಪ್ರಾಯಕ್ಕೆ ಇಬ್ಬರೂ ಒಂದೇ ದಿನ ತೋರಿಸಿ. ಅವ್ವನ ಎಕ್ಸ್‌ರೇ ವಾಟ್ಸಾಪ್ ಮಾಡು. ಅದನ್ನು ನೋಡದೆ ಯಾವ ಹಲ್ಲನ್ನೂ ಕೀಳಿಸಬೇಡಿ.

ಅಪ್ಪ, ಮಾಮಾ ಅವರಿಗೆ ನಮಸ್ಕಾರ. ಮಕ್ಕಳಿಗೆ ಮುದ್ದು.

ಇಂತಿ ನಿನ್ನ ಪ್ರೀತಿಯ ತಂಗಿ