ಲಾಗ್ ಓದುವವರನ್ನು ನೆನೆದು ಬರಿ

ಚಿ. ಸುಹಾಸನಿಗೆ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಡ್ರೈವರ್ ಕೋಡ್ ಓದಿದೆ, ಕೆಲಸ ಅಚ್ಚುಕಟ್ಟಾಗಿದೆ. ಆದರೆ ಪ್ರೊಸೆಸರ್ ಬಿಸಿಯಾಗಿ ವೇಗ ಇಳಿದಾಗ ಲಾಗ್‌ನಲ್ಲಿ, ಅಂದರೆ ಯಂತ್ರ ತನ್ನ ಆಗುಹೋಗು ಬರೆದಿಡುವ ದಾಖಲೆಯಲ್ಲಿ, ಬರುವ ಸಾಲು ಒಪ್ಪಿಗೆಯಾಗಲಿಲ್ಲ. 'ಪವರ್ ಸ್ಟೇಟ್ ಎರರ್, ಕೋಡ್ 3' ಅಂತ ಕಂಡರೆ ಓದಿದವರು ಏನು ಮಾಡಬೇಕು ಹೇಳು?

ಲಿನಕ್ಸ್‌ನಲ್ಲಿ ಎಎಂಡಿ ಪ್ರೊಸೆಸರ್‌ಗಳಿಗೆ ಪವರ್‌ನೌ-ಕೆ8 ಅನ್ನುವ ಹಳೆಯ ಡ್ರೈವರ್ ಇದೆ. ಪ್ರೊಸೆಸರ್ ಯಾವ್ಯಾವ ವೇಗದಲ್ಲಿ ಓಡಬಹುದು ಅನ್ನುವ ಪಟ್ಟಿಯನ್ನು ಅದಕ್ಕೆ ಬಯಾಸ್, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ಮೂಲ ತಂತ್ರಾಂಶ, ಕೊಡಬೇಕು. ಪಿಎಸ್‌ಎಸ್ ಅಂದರೆ ಆ ಪಟ್ಟಿಯೇ. ಅದು ಸಿಗದಿದ್ದಾಗ ಡ್ರೈವರ್ ಮೊದಲೆಲ್ಲ ಹೇಳುತ್ತಿದ್ದದ್ದು ಇಷ್ಟೇ: ಸರಿಹೊಂದುವ ಪಿಎಸ್‌ಎಸ್ ಇಲ್ಲ, ಹೊಸ ಬಯಾಸ್ ಹಾಕಿ ನೋಡಿ. ಬಯಾಸ್ ಬದಲಿಸುವುದು ಸಣ್ಣ ಕೆಲಸ ಅಲ್ವಲ್ಲ. ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡ್ ಮತ್ತೆ ಏಳದೇ ಹೋಗಬಹುದು. ಕೆಲಸ ಕಡಿಮೆ ಇದ್ದಾಗ ಪ್ರೊಸೆಸರ್ ವೇಗ ಇಳಿಸುವ ಕೂಲ್ ಎನ್ ಕ್ವೈಯೆಟ್ ಅನ್ನುವ ಸೆಟ್ಟಿಂಗ್ ಬಯಾಸ್‌ನಲ್ಲಿ ಆಫ್ ಆಗಿದ್ದರೂ ಇದೇ ಸಂದೇಶ ಬರುತ್ತಿತ್ತು. ಆಮೇಲೆ ಅದನ್ನು ತಿದ್ದಿದರು: ಮೊದಲು ಕೂಲ್ ಎನ್ ಕ್ವೈಯೆಟ್ ಆನ್ ಇದೆಯಾ ನೋಡಿ, ಅದರಿಂದ ಆಗದಿದ್ದರೆ ಬಯಾಸ್ ಅಪ್‌ಡೇಟ್ ಮಾಡಿ. ಸುಲಭದ್ದು ಮುಂದೆ ಬಂತು, ಅಪಾಯದ್ದು ಹಿಂದೆ ಹೋಯಿತು. ಆ ಸಂದೇಶದ ಮುಂದೆ ಇದ್ದ 'ಫರ್ಮ್‌ವೇರ್ ಬಗ್', ಅಂದರೆ ಬಯಾಸ್‌ನದೇ ದೋಷ, ಅನ್ನುವ ಹಣೆಪಟ್ಟಿ ಮಾತ್ರ ಹಾಗೇ ಉಳಿಯಿತು. ಒಂದು ಸೆಟ್ಟಿಂಗ್ ಆಫ್ ಇದ್ದರೆ ಅದು ಬಗ್ ಹೇಗಾಗುತ್ತದೆ? ನನಗದು ಸರಿ ಕಾಣುವುದಿಲ್ಲ.

ವಿಂಡೋಸ್‌ನ ಲಾಗ್‌ನಲ್ಲಿ ಪ್ರೊಸೆಸರ್ ಪವರ್‌ನ 37ನೇ ಇವೆಂಟ್, ಅಂದರೆ ವೇಗ ಇಳಿದಾಗ ಬರುವ ಸಂದೇಶ, ತೆಗೆದು ನೋಡು. ಯಾವ ಪ್ರೊಸೆಸರ್, ವೇಗ ತಡೆಯುತ್ತಿರುವುದು ಯಾರು, ಎಷ್ಟು ಸೆಕೆಂಡಿನಿಂದ ಹೀಗಿದೆ, ಎಲ್ಲ ಹೇಳುತ್ತದೆ. ಯಾಕೆ ಅನ್ನುವುದೊಂದು ಇಲ್ಲ.

ನಿನ್ನ ಸಾಲನ್ನು ಹೀಗೆ ಮಾಡು: 'ಸಿಪಿಯು 2: ಬಿಸಿ ಮಿತಿ ಮೀರಿದೆ, ವೇಗ ಇಳಿಸಲಾಗಿದೆ. ಫ್ಯಾನ್ ತಿರುಗುತ್ತಿದೆಯಾ, ಧೂಳು ಕಟ್ಟಿದೆಯಾ ನೋಡಿ.' ಬಿಸಿ ಇಳಿದ ಮೇಲೆ ಅದನ್ನೂ ಹೇಳಬೇಕು. ಲಿನಕ್ಸ್ ಹೇಳುತ್ತದೆ. ಇಲ್ಲದಿದ್ದರೆ ರಾತ್ರಿ ಪಾಳಿಯಲ್ಲಿ ಇರುವವರು ಸುಮ್ನೆ ಬೆಳಗಿನವರೆಗೆ ಒದ್ದಾಡುತ್ತಾರೆ. ಪ್ರೊಸೆಸರ್ ಒಳಗಿನ ಪ್ರತಿ ಕೋರ್‌ಗೂ ಪದೇ ಪದೇ ಅದೇ ಸಾಲು ಬೀಳದ ಹಾಗೆ ತಡೆ ಇಡು. ಲಿನಕ್ಸ್‌ನವರು 300 ಸೆಕೆಂಡಿನ ಅಂತರ ಇಟ್ಟಿದ್ದರು, ನಿನಗೂ ಅಷ್ಟು ಸಾಕು.

ಇನ್ನೊಂದು. ನೀನು ಈ ಸಾಲನ್ನು ಕ್ರಿಟಿಕಲ್, ಅಂದರೆ ತೀರಾ ಗಂಭೀರ ಅನ್ನುವ ಮಟ್ಟದಲ್ಲಿ ಹಾಕಿದ್ದೀಯ. ಚಿಪ್ ಕೆಟ್ಟಿಲ್ಲ, ಕೆಡದಂತೆ ತಾನೇ ನಿಧಾನವಾಗಿದೆ. ವಾರ್ನಿಂಗ್‌ಗೆ ಇಳಿಸು. ತಿದ್ದಿದ್ದನ್ನು ಭಾನುವಾರದೊಳಗೆ ಕಳಿಸು, ಕೂತು ಓದುತ್ತೇನೆ.

ಇಂತಿ ನಿನ್ನ ಮಾವ