ಅಪ್ಪಯ್ಯನಿಗೆ, ಗುಂಡಿನ ವಿಚಾರವಾಗಿ

ನಾಟಿಂಗ್‌ಹ್ಯಾಮ್,
ಭಾನುವಾರ

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದಿದೆಯೆಂದೂ ತುಂಗೆ ಕೆಂಪಾಗಿ ಹರಿಯುತ್ತಿದ್ದಾಳೆಂದೂ ಅಮ್ಮ ಫೋನಿನಲ್ಲಿ ಹೇಳಿದಳು.

ಮೊನ್ನೆ ಇಲ್ಲಿಯ ಟ್ರೆಂಟ್ ನದಿಯ ದಡದಲ್ಲಿ ವೃದ್ಧರೊಬ್ಬರು ಗಾಳದ ಕೊಕ್ಕೆಗೆ ಗುಂಡೊಂದನ್ನು ಸಿಕ್ಕಿಸಿ ನೀರಿಗೆ ಇಳಿಬಿಟ್ಟು, ಬೆಂಡು ಮುಳುಗಿದರೆ ನೀರು ಇನ್ನೂ ಆಳವೆಂದು ಲೆಕ್ಕ ಹಾಕುತ್ತಿದ್ದರು. ಅದರ ಹೆಸರು ಕೇಳಿದೆ, 'ಪ್ಲಮೆಟ್' ಎಂದರು. ಗೋಡೆ ಕಟ್ಟುವಾಗ ನೀವು ದಾರದಲ್ಲಿ ಇಳಿಬಿಡುವ ತೂಕದ ಗುಂಡಿಗೂ ಇಲ್ಲಿ ಅದೇ ಬೇರಿನ ಹೆಸರು.

ಆ ಬೇರು ಲ್ಯಾಟಿನ್ನಿನ 'ಪ್ಲುಂಬುಮ್', ಅಂದರೆ ಸೀಸ. ಫ್ರೆಂಚಿನಲ್ಲಿ ಅದು 'ಪ್ಲೊಂ' ಆಯಿತು. ಪುಟ್ಟ ಸೀಸದ ಗುಂಡು ಎಂಬರ್ಥದ ಅದರ ಕಿರುರೂಪವೇ ಇಂಗ್ಲಿಷಿಗೆ ಬಂದು ಪ್ಲಮೆಟ್ ಆಯಿತು. ನಲ್ಲಿ ಸರಿಮಾಡುವ ಪ್ಲಂಬರನೂ ಇದೇ ವಂಶದವನು, ಏಕೆಂದರೆ ಹಿಂದೆ ಕೊಳವೆಗಳು ಸೀಸದವಾಗಿದ್ದವು. ಗೋಡೆ ಗುಂಡಿಗೆ ಸರಿಯಾಗಿ ನೆಟ್ಟಗಿದ್ದರೆ ಫ್ರೆಂಚರು 'ಆ ಪ್ಲೊಂ' ಎನ್ನುತ್ತಾರೆ. ಆ ಮಾತೇ 'ಅಪ್ಲಾಂಬ್' ಎಂದಾಗಿ, ಅಳುಕದೆ ನಿಲ್ಲುವ ಮನುಷ್ಯನ ಗುಣಕ್ಕೆ ಹೆಸರಾಯಿತು. ನಿಮ್ಮ ಕಸುಬಿನಿಂದ ಹುಟ್ಟಿದ ಪದವೆಂದು ನನಗೆ ಇದರ ಮೇಲೆ ಹೆಚ್ಚು ಅಭಿಮಾನ. ಬೆಲೆ ಧೊಪ್ಪನೆ ಕುಸಿದರೂ ಇಲ್ಲಿನ ಪತ್ರಿಕೆಗಳು 'ಪ್ಲಮೆಟ್' ಎಂದು ಬರೆಯುತ್ತವೆ. ನಮ್ಮ ಅಡಿಕೆ ಧಾರಣೆಗೆ ಆ ಪದ ಬೇಕಾಗದಿರಲಿ.

ಆದರೆ ಹೆಸರು ಉಳಿದು ಲೋಹ ಹೋಗುತ್ತಿದೆ. ದಡದಲ್ಲಿ ಬಿದ್ದ ಸಣ್ಣ ಗುಂಡುಗಳನ್ನು ಹರಳುಕಲ್ಲಿನೊಡನೆ ನುಂಗಿ ಹಂಸಗಳು ಸೀಸದ ವಿಷದಿಂದ ಸಾಯುತ್ತಿದ್ದುದರಿಂದ, ತೀರ ಪುಡಿಯಾದವುಗಳನ್ನು ಬಿಟ್ಟು 28.35 ಗ್ರಾಂವರೆಗಿನ ಗಾಳದ ಸೀಸದ ಗುಂಡುಗಳ ಮಾರಾಟವನ್ನು 1987ರ ಜನವರಿಯಿಂದ ಇಲ್ಲಿ ನಿಷೇಧಿಸಲಾಯಿತು. ಈಗ ಟಂಗ್‌ಸ್ಟನ್ ಮೊದಲಾದ ಲೋಹಗಳ ಗುಂಡುಗಳು ಬಂದಿವೆ. ಸೀಸವಿಲ್ಲದ ಗುಂಡನ್ನು ಪ್ಲಮೆಟ್ ಎಂದರೆ ಅದು ಮರದ ಕಬ್ಬಿಣ ಎಂದಂತೆ. ನಮ್ಮ 'ಗುಂಡು' ಮಾತ್ರ ಲೋಹವನ್ನು ಕೇಳುವುದೇ ಇಲ್ಲ, ದುಂಡಗಿದ್ದರೆ ಸಾಕು. ರುಬ್ಬುವ ಗುಂಡು ಕಲ್ಲಿನದು, ಅಮ್ಮನ ತಾಳಿಯ ಗುಂಡು ಚಿನ್ನದ್ದು, ಗುಂಡುಮಲ್ಲಿಗೆಯಂತೂ ಹೂವು. (ಚಿಕ್ಕಪ್ಪ ಸಂಜೆ ಹಾಕುವ ಗುಂಡಿನ ವಿಚಾರ ಇಲ್ಲಿ ಬೇಡ.)

ಅಜ್ಜ ತನ್ನ ಬೀಸುಬಲೆಯ ಅಂಚಿನ ಸೀಸದ ಮಣಿಗಳಿಗೆ ಬೇರೆಯೇ ಏನೋ ಹೆಸರು ಹೇಳುತ್ತಿದ್ದ ನೆನಪು. ಚಿಕ್ಕಪ್ಪನನ್ನು ಕೇಳಿ, ಮುಂದಿನ ಪತ್ರದಲ್ಲಿ ತಪ್ಪದೆ ಬರೆಯಿರಿ.

ಇಂತು ನಿಮ್ಮ ಪ್ರೀತಿಯ ಮಗ